ಎಸ್.ಪಿ. ರಸ್ತೆಯಲ್ಲಿ ವೈರಿನ ಪಾಠ

ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ಸುತ್ತುತ್ತಾರೆ, ವಿಧಾನಸೌಧದ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಮಗಳೂ ಅಲ್ಲಿ ಒಂದಿಡೀ ಹಗಲು ಕಳೆದು ನೋಡಿ ಬಂದದ್ದು ಮಾತ್ರ ವೈರುಗಳನ್ನು! ಊರಿಗೆ ಮರಳಿದಾಗ ನಮ್ಮ ಚೀಲದಲ್ಲಿ ಮೈಸೂರು ಪಾಕು ಇರಲಿಲ್ಲ. ಸುರುಳಿ ಸುತ್ತಿದ ಕೇಬಲ್ಲುಗಳಿದ್ದವು. ಮನೆಯವಳು ಚೀಲ ಎತ್ತಿ ನೋಡಿ, "ಇದೇನು, ಹಾವಾಡಿಗರ ಬುಟ್ಟಿಯೇ?" ಎಂದು ನಕ್ಕಳು.

ಈ ಪ್ರವಾಸಕ್ಕೆ ಹಿಂದಿನ ವರ್ಷದ್ದೊಂದು ಕಥೆಯಿದೆ. ನಮ್ಮೂರು ತುಮಕೂರಿನಿಂದಾಚೆ. ಅಲ್ಲಿನ ಪ್ರೌಢಶಾಲೆಯ ಶಾಲಾಭಿವೃದ್ಧಿ ಸಮಿತಿಯಲ್ಲಿ ನಾನೂ ಒಬ್ಬ. ವಾರ್ಷಿಕೋತ್ಸವಕ್ಕೆ ಮೈಕ್ ಸೆಟ್ಟಿನವರನ್ನು ಕರೆಸಿದರೆ ದುಬಾರಿ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಮಿಕ್ಸರು, ಆಂಪ್ಲಿಫೈಯರು, ಎರಡು ಸ್ಪೀಕರು ಶಾಲೆಯಲ್ಲೇ ಇವೆ. ವೈರೊಂದಿದ್ದರೆ ಸಾಕು ಎಂದು ನಾನೇ ಮುಂದೆ ಬಿದ್ದೆ. ವೈರೆಂದರೆ ವೈರು ತಾನೆ? ಒಳಗೆ ತಾಮ್ರ, ಹೊರಗೆ ಪ್ಲಾಸ್ಟಿಕ್ಕು. ಬಲ್ಬಿನ ಹೋಲ್ಡರಿಗೆ ಹಾಕುವ ಎರಡೆಳೆಯ ತೆಳು ವೈರನ್ನು ಒಂದು ಕಟ್ಟು ತಂದು, ಅರ್ಧ ಮೈಕಿಗೆ, ಇನ್ನರ್ಧ ಸ್ಪೀಕರಿಗೆ ಹಂಚಿದೆ. ನೋಡಲು ಚೆನ್ನಾಗಿರಲೆಂದು ಮೈಕಿನ ವೈರನ್ನು ವೇದಿಕೆಯ ಸೀರಿಯಲ್ ಸೆಟ್ಟಿನ ವೈರಿನ ಜೊತೆಗೇ ಸೇರಿಸಿ ದಾರದಲ್ಲಿ ಬಿಗಿದೆ.

ಪ್ರಾರ್ಥನೆ ಹಾಡಬೇಕಿದ್ದವಳು ಆಗ ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು. ಅವಳು ಬಾಯಿ ತೆರೆಯುವ ಮೊದಲೇ ಸ್ಪೀಕರು ಗುಂಯ್ಯೆಂದು ಶ್ರುತಿ ಹಿಡಿಯಿತು. ಮುಖ್ಯೋಪಾಧ್ಯಾಯರು ಕೈಸನ್ನೆ ಮಾಡಿದರು. ನಾನು ಸದ್ದು ತಗ್ಗಿಸಿದೆ. ಗುಂಯ್‌ಗುಟ್ಟುವುದು ತಗ್ಗಿತು, ಜೊತೆಗೆ ಮಗುವಿನ ದನಿಯೂ ತಗ್ಗಿತು. ಅವಳ ಹಾಡು ಮುಂದಿನ ಎರಡು ಸಾಲಿನಾಚೆ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮಕ್ಕಳೇ ಊರ ಕೆರೆಯ ಬಗ್ಗೆ ಮಾಡಿದ್ದ ಚಿತ್ರವನ್ನು ಪ್ರೊಜೆಕ್ಟರಿನಲ್ಲಿ ತೋರಿಸುವಾಗ, ಅಗ್ಗಕ್ಕೆ ತಂದಿದ್ದ ಇಪ್ಪತ್ತು ಮೀಟರಿನ ಎಚ್‌ಡಿಎಂಐ ಕೇಬಲ್ಲು ಎರಡು ನಿಮಿಷಕ್ಕೊಮ್ಮೆ ಕೈಕೊಟ್ಟಿತು. ಪರದೆ ನೀಲಿ, ಜನರಿಂದ ಸಿಳ್ಳೆ.

ಮಗಳು ಒಂದು ಮಾತೂ ಆಡಲಿಲ್ಲ. ಆದರೆ ಆ ದಿನದಿಂದ ಶಾಲೆಯಲ್ಲಿ ಹಾಡುವುದನ್ನು ಬಿಟ್ಟಳು. ಬೈದಿದ್ದರೆ ಮರೆಯಬಹುದಿತ್ತು, ಆ ಮೌನ ನನ್ನ ಲೆಕ್ಕದಲ್ಲಿ ತೀರದ ಸಾಲವಾಗಿ ಉಳಿಯಿತು.

ಈ ಸಲ ಹಳೆಯ ವಿದ್ಯಾರ್ಥಿಗಳು ಎಂಟು ಸಾವಿರ ರೂಪಾಯಿ ಕೂಡಿಸಿ, "ಸರಿಯಾದ ವೈರೇ ತನ್ನಿ" ಎಂದು ನನ್ನ ಕೈಗಿತ್ತರು. "ಸರಿಯಾದ" ಎಂಬ ಪದ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು.

ಮಾರ್ಕೆಟ್ಟಿನ ಮಗ್ಗುಲಲ್ಲಿ

ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ನನಗೆ ಟಿಕೆಟ್ಟು, ಮಗಳಿಗೆ ಶೂನ್ಯ ದರದ ಚೀಟಿ. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಮುಂದಿನ ದಾರಿ ನೆಲದೊಳಗೆ. 2017ರಲ್ಲಿ ಹಸಿರು ಮಾರ್ಗದ ಸುರಂಗ ತೆರೆದ ಮೇಲೆ ಚಿಕ್ಕಪೇಟೆ ಒಂದು ನಿಲ್ದಾಣ, ಕೆ.ಆರ್. ಮಾರ್ಕೆಟ್ಟು ಇನ್ನೊಂದು, ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಮುಟ್ಟಿಬಿಡಬಹುದು. ಮೇಲೆ ಬಂದರೆ ಸೇವಂತಿಗೆ, ಕೊತ್ತಂಬರಿ, ಡೀಸೆಲ್ ಹೊಗೆ ಮೂರೂ ಕಲೆತ ಆ ಮಾರ್ಕೆಟ್ಟಿನ ವಾಸನೆ. ಅಲ್ಲಿಂದ ದಾರಿ ಕೇಳುತ್ತಾ 1935ರಲ್ಲಿ ಕಟ್ಟಿದ ಪುಟ್ಟಣ್ಣಚೆಟ್ಟಿ ಪುರಭವನದ ದಿಕ್ಕಿಗೆ ನಡೆದರೆ, ಅದರ ನೆರೆಯಲ್ಲೇ ಸಾದರ ಪತ್ರಪ್ಪ ರಸ್ತೆ. ಈ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ, ಎಸ್.ಪಿ. ರೋಡ್ ಎಂದರೆ ಮಕ್ಕಳೂ ಕೈ ತೋರಿಸುತ್ತಾರೆ.

ರಸ್ತೆ ಅಗಲವಿಲ್ಲ, ಆದರೆ ಅದರ ಹೊಟ್ಟೆ ದೊಡ್ಡದು. ಒಂದು ಅಂಗಡಿಯಲ್ಲಿ ಬರೀ ಸ್ವಿಚ್ಚು, ಇನ್ನೊಂದರಲ್ಲಿ ಬರೀ ಫ್ಯಾನು, ಮತ್ತೊಂದರಲ್ಲಿ ಕಾಳಿನ ಹಾಗೆ ಡಬ್ಬಿಗಳಲ್ಲಿ ತುಂಬಿಟ್ಟ ರೆಸಿಸ್ಟರು, ಕೆಪಾಸಿಟರು. ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿನ ಚೀಟಿ ಹಿಡಿದು ಅಲೆಯುತ್ತಾರೆ. ತಲೆಯ ಮೇಲೆ ಕಂಪ್ಯೂಟರ್ ಪೆಟ್ಟಿಗೆ ಹೊತ್ತವರು "ಸೈಡ್, ಸೈಡ್" ಎನ್ನುತ್ತಾ ನುಗ್ಗುತ್ತಾರೆ. ಕನ್ನಡ, ತಮಿಳು, ಹಿಂದಿ, ಉರ್ದು, ಮಾರವಾಡಿ ಎಲ್ಲ ಭಾಷೆಯಲ್ಲೂ ಚೌಕಾಸಿ ನಡೆಯುತ್ತದೆ. ಹೋಗುವವರಿಗೊಂದು ಕಿವಿಮಾತು: ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.

ಮೊದಲ ಅಂಗಡಿಯ ಹುಡುಗ ನನ್ನ ಚೀಟಿಯನ್ನು ನೋಡುವ ಗೋಜಿಗೇ ಹೋಗಲಿಲ್ಲ. ಹಗ್ಗದಂತೆ ಹೆಣೆದ ಹೊದಿಕೆಯ, ತುದಿಗೆ ಚಿನ್ನದ ಬಣ್ಣದ ಎಚ್‌ಡಿಎಂಐ ಕೇಬಲ್ಲನ್ನು ಹಿಡಿದು, "ಎಂಟು ಕೆ ಸಾರ್, ಲೇಟೆಸ್ಟು" ಎಂದ. ಬೆಲೆ ಕೇಳಿದೆ. ನಮ್ಮ ಎಂಟು ಸಾವಿರದಲ್ಲಿ ಅದೊಂದೇ ದೊಡ್ಡ ತುತ್ತು ನುಂಗುತ್ತಿತ್ತು. ಮಗಳು ನನ್ನ ತೋಳು ಎಳೆದಳು. ಮುಂದೆ ನಡೆದೆವು.

"ಏನು ಹರಿಯೋ ವೈರು ಸ್ವಾಮಿ?"

ಒಳಗಿನ ಅಡ್ಡದಾರಿಯಲ್ಲಿ, ಎರಡಾಳು ನಿಂತರೆ ತುಂಬಿಹೋಗುವ ಅಂಗಡಿ. ಗೋಡೆಯ ತುಂಬ ಕೇಬಲ್ಲಿನ ಉರುಳೆಗಳು. ಬೆಸುಗೆ ಕಡ್ಡಿಯ ಮುಂದೆ ಕನ್ನಡಕ ಇಳಿಸಿಕೊಂಡು ಕೂತಿದ್ದ ಯಜಮಾನರಿಗೆ ಎಪ್ಪತ್ತರ ಮೇಲಾಗಿರಬೇಕು. "ವೈರು ಬೇಕಿತ್ತು" ಎಂದೆ.

"ಏನು ಹರಿಯೋ ವೈರು ಸ್ವಾಮಿ?" ಎಂದರು, ತಲೆ ಎತ್ತದೆ.

ನಾನು ತಬ್ಬಿಬ್ಬಾದೆ. ಕಳೆದ ವರ್ಷ ವೈರು ಕೊಂಡಾಗ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನನ್ನ ಮುಖ ನೋಡಿ ಅವರಿಗೆ ಅರ್ಥವಾಯಿತು. ಸ್ಟೂಲು ಎಳೆದು ಕೊಟ್ಟರು. "ಮೂರೇ ಮಾತು. ಅದರಲ್ಲಿ ಏನು ಹರೀಬೇಕು? ಎಷ್ಟು ದೂರ ಹರೀಬೇಕು? ಪಕ್ಕದಲ್ಲಿ ಯಾರಿರ್ತಾರೆ? ಬಾಡಿಗೆ ಮನೆ ಹಿಡಿಯೋವಾಗ ನೆರೆಹೊರೆ ವಿಚಾರಿಸಲ್ವೆ, ಹಾಗೆ. ಈ ಮೂರು ಹೇಳಿ, ವೈರು ನಾನು ಕೊಡ್ತೀನಿ."

ಮಗಳು ಕಳೆದ ವರ್ಷದ ಕಥೆಯನ್ನೆಲ್ಲ ಒಪ್ಪಿಸಿದಳು, ತಾನು ಹಾಡಿದ್ದೊಂದನ್ನು ಬಿಟ್ಟು. ಸೀರಿಯಲ್ ಸೆಟ್ಟಿನ ವಿಷಯ ಬಂದಾಗ ಯಜಮಾನರು ಜೋರಾಗಿ ನಕ್ಕರು. "ಕಳ್ಳನ ಪಕ್ಕದಲ್ಲೇ ಕೂಸನ್ನ ಮಲಗಿಸಿದ್ದೀರಿ!"

ಆಮೇಲೆ ವಿವರಿಸಿದರು. ಮೈಕಿನಿಂದ ಹೊರಡುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲೊಂದೆರಡು ಪಾಲು. ಅದೇ ದನಿ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವಾಗ, 8 ಓಮ್ ಸ್ಪೀಕರಿಗೆ 50 ವಾಟ್ ಎಂದರೆ, 20 ವೋಲ್ಟ್. ಒಂದಕ್ಕೊಂದು ಹತ್ತು ಸಾವಿರ ಪಟ್ಟು ಅಂತರ! ಮೈಕಿನ ಪಿಸುಮಾತಿನ ಪಕ್ಕದಲ್ಲಿ 230 ವೋಲ್ಟಿನ ವೈರು ಮಲಗಿದರೆ, ಅದರ 50 ಹರ್ಟ್ಸ್ ಮಿಡಿತ ಬರಿಮೈಯ ವೈರಿನೊಳಕ್ಕೆ ಇಳಿಯುತ್ತದೆ. ಆಂಪ್ಲಿಫೈಯರಿಗೆ ತಾರತಮ್ಯ ಗೊತ್ತಿಲ್ಲ. ಹಾಡನ್ನೂ ಗುಂಯ್‌ಗುಟ್ಟುವುದನ್ನೂ ಒಂದೇ ಸಮ ಹಿಗ್ಗಿಸುತ್ತದೆ.

ಇದಕ್ಕೆ ಮದ್ದಾಗಿ ಅವರು ಉರುಳೆಯೊಂದರಿಂದ ಗೇಣುದ್ದ ತುಂಡು ಕತ್ತರಿಸಿ ಸಿಪ್ಪೆ ಸುಲಿದು ತೋರಿಸಿದರು. ಹೊರಗೆ ತಾಮ್ರದ ಜಾಲರಿ, ಅದರೊಳಗೆ ಒಂದಕ್ಕೊಂದು ಹೊಸೆದ ಎರಡು ಎಳೆ. ಜಾಲರಿ ಕೊಡೆಯಂತೆ ಹೊರಗಿನ ಕೊರೆತ ತಡೆಯುತ್ತದೆ. ಅದನ್ನು ದಾಟಿ ಬಂದದ್ದಕ್ಕೆ ಎರಡು ಎಳೆಯ ಲೆಕ್ಕ.

"ಏನಮ್ಮಾ, ಎಷ್ಟನೇ ಕ್ಲಾಸು?"

"ಹತ್ತು, ತಾತ."

"ಹಾಗಾದ್ರೆ ಲೆಕ್ಕ ಹಾಕು. ಒಂದು ಎಳೇಲಿ ಹಾಡು 5 ಅಂತ ಹೋಗ್ತದೆ, ಇನ್ನೊಂದರಲ್ಲಿ ಅದೇ ತಲೆಕೆಳಗಾಗಿ ಮೈನಸ್ 5. ದಾರೀಲಿ ಎರಡಕ್ಕೂ ಒಂದೇ ಸಮ 3 ಕೊರೆತ ಸೇರ್ತು. ಈಗ ಎಷ್ಟೆಷ್ಟು?"

"8, ಮೈನಸ್ 2."

"ಮಿಕ್ಸರು ಒಂದರಿಂದ ಇನ್ನೊಂದನ್ನ ಕಳೀತದೆ."

"10!" ಎಂದವಳು ಒಂದು ಕ್ಷಣ ತಡೆದು, "ತಾತ, 3 ಎಲ್ಲೋಯ್ತು?" ಎಂದು ಕಣ್ಣರಳಿಸಿದಳು. ಹಾಡು ಇಮ್ಮಡಿ, ಕೊರೆತ ಸೊನ್ನೆ. ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಪಿನ್ನಿನ ಗುಟ್ಟು ಇದೇ: ಎರಡು ಕಡ್ಡಿ ಹಾಡಿಗೆ, ಒಂದು ಜಾಲರಿಗೆ. ಇಪ್ಪತ್ತೈದು ಮೀಟರಿರಲಿ, ಐವತ್ತಿರಲಿ, ದನಿ ಸ್ವಚ್ಛವಾಗಿ ಮುಟ್ಟುತ್ತದೆ. ಎಳೆಗಳನ್ನು ಹೊಸೆಯುವ ಉಪಾಯ ಹೊಸದೂ ಅಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ.

ದಪ್ಪ ಎಲ್ಲಿ, ಜಾಲರಿ ಎಲ್ಲಿ

"ಹಾಗಾದರೆ ಸ್ಪೀಕರಿಗೂ ಇದೇ ಕೊಡಿ" ಎಂದೆ ನಾನು, ಬುದ್ಧಿವಂತನಂತೆ.

"ಅಲ್ಲೇ ಎಲ್ಲರೂ ಎಡವೋದು" ಎಂದರು. ಸ್ಪೀಕರಿನ ದಾರಿಯಲ್ಲಿ ಹರಿಯುವುದು ಪಿಸುಮಾತಲ್ಲ, ಪ್ರವಾಹ. ಅಲ್ಲಿ ಸಣ್ಣಪುಟ್ಟ ಕೊರೆತ ಲೆಕ್ಕಕ್ಕಿಲ್ಲ, ಜಾಲರಿ ಬೇಡ. ಬೇಕಾದದ್ದು ದಪ್ಪ. ಮಗಳ ನೋಟ್ ಪುಸ್ತಕದಲ್ಲಿ ಓಮ್ ನಿಯಮದ ಲೆಕ್ಕ ಶುರುವಾಯಿತು. ಆಂಪ್ಲಿಫೈಯರಿನಿಂದ ಸ್ಪೀಕರಿಗೆ 20 ಮೀಟರು. ಹೋಗಿ ಬರಲು 40 ಮೀಟರು ತಾಮ್ರ. ಎಳೆ 1 ಚದರ ಮಿಲಿಮೀಟರಿನದಾದರೆ ಅದರ ರೋಧ ಸುಮಾರು 0.7 ಓಮ್; 8 ಓಮ್ ಸ್ಪೀಕರಾದರೆ ಶಕ್ತಿಯಲ್ಲಿ ನೂರಕ್ಕೆ 8 ಪಾಲು ವೈರನ್ನು ಬಿಸಿ ಮಾಡಲು ಹೋಯಿತು. 2.5 ಚದರ ಮಿಲಿಮೀಟರಾದರೆ ನಷ್ಟ ಬರೀ 3 ಪಾಲು. ಮೈಕಿನ ವೈರಿನ ಎಳೆ ಹೆಚ್ಚಾಗಿ 0.22ರ ಆಸುಪಾಸು, ಅದನ್ನೇ ಸ್ಪೀಕರಿಗೆ ಹಾಕಿದರೆ ಕಾಲು ಭಾಗಕ್ಕಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ಪುಸ್ತಕದ ಲೆಕ್ಕವೊಂದು ಅಂಗಡಿಯ ಕಟ್ಟೆಯ ಮೇಲೆ ದುಡ್ಡಿನ ಲೆಕ್ಕವಾದದ್ದನ್ನು ಮಗಳು ಅಂದು ಮೊದಲ ಸಲ ಕಂಡಳು. ಸುಳ್ಳೇಕೆ, ನಾನೂ ಅಂದೇ ಕಂಡದ್ದು.

ಕೊಳ್ಳುವ ಪೋಷಕರಿಗೆ ಅವರು ಹೇಳಿದ ಇನ್ನೊಂದು ಎಚ್ಚರಿಕೆ: ಹೊರಗೆ ತಾಮ್ರದ ಬಣ್ಣ ಇದ್ದ ಮಾತ್ರಕ್ಕೆ ಒಳಗೆ ತಾಮ್ರವಲ್ಲ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟದ್ದೂ ಮಾರುಕಟ್ಟೆಯಲ್ಲಿದೆ. ಅದೇ ದಪ್ಪಕ್ಕೆ ಅದರ ರೋಧ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಬ್ಲೇಡಿನಲ್ಲಿ ಎಳೆಯನ್ನು ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ಅನುಮಾನಿಸಿ. ಸುರುಳಿಯನ್ನು ಕೈಯಲ್ಲಿ ತೂಗಿ ನೋಡಿ: ತಾಮ್ರ ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ತಾಮ್ರಕ್ಕೇ ತವರದ ಲೇಪ ಕೊಟ್ಟದ್ದಾದರೆ ಮೇಲೆ ಬೆಳ್ಳಗಿದ್ದು ಕೆರೆದಾಗ ಕೆಂಪಗೆ ಕಾಣುತ್ತದೆ, ಅದು ಒಳ್ಳೆಯದೇ.

ಅಂಗಡಿಯ ಗೋಡೆಯೇ ಇತಿಹಾಸ

ಚಹಾ ಬಂತು. ಗೋಡೆಯ ಮೇಲಿನ ಮೊಳೆಯಲ್ಲಿ ಚಪ್ಪಟೆಯಾದ, ಪಟ್ಟಿಯಂಥ ಹಳೆಯ ವೈರೊಂದು ನೇತಾಡುತ್ತಿತ್ತು. ನನ್ನ ವಯಸ್ಸಿನವರು ಮರೆಯುವಂಥದ್ದಲ್ಲ. ಮಹಡಿಯ ಮೇಲಿನ ಆಂಟೆನಾದಿಂದ ಟೀವಿಗೆ ಇಳಿಬಿಡುತ್ತಿದ್ದ 300 ಓಮಿನ ವೈರು! 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಎಷ್ಟು ಮೀಟರು ಕತ್ತರಿಸಿ ಕೊಟ್ಟರೂ ಸಾಲುತ್ತಿರಲಿಲ್ಲ ಎಂದರು ಯಜಮಾನರು. ಆಮೇಲೆ ಬೀದಿಗೊಬ್ಬ ಕೇಬಲ್ಲಿನವನು ಬಂದ. ನಡುವೆ ಒಂದು ತಂತಿ, ಸುತ್ತ ಜಾಲರಿ ಇರುವ ದುಂಡು ಕೋಆಕ್ಸಿಯಲ್ ಕೇಬಲ್ಲು ಬಂತು. ಈಗಲೂ ಮನೆಯ ಡಿಶ್ ಬುಟ್ಟಿಯಿಂದ ಇಳಿಯುವ ಆರ್‌ಜಿ–6 ಅದೇ ವಂಶ. ಈ ರಚನೆಗೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಪೇಟೆಂಟ್ ಪಡೆದಿದ್ದ. ವಿಸಿಡಿ ಕಾಲಕ್ಕೆ ಹಳದಿ, ಕೆಂಪು, ಬಿಳಿ ಪಿನ್ನುಗಳು: ಹಳದಿ ಚಿತ್ರಕ್ಕೆ, ಉಳಿದೆರಡು ಬಲ ಎಡದ ಧ್ವನಿಗೆ. ಒಂದೊಂದು ಉರುಳೆಯೂ ಮನೆಮನೆಯ ಒಂದೊಂದು ಕಾಲ.

ಮಗಳ ಪ್ರಶ್ನೆ ಸಿದ್ಧವಾಗಿತ್ತು. "ಮೂರು ಪಿನ್ನೂ ಒಂದೇ ಥರ ಇವೆ. ಹಳದಿಗೆ ಬಿಳಿ ವೈರು ಹಾಕಿದರೆ ಏನಾಗುತ್ತದೆ?"

ಧ್ವನಿಯ ಕಂಪನ ಸೆಕೆಂಡಿಗೆ 20 ಸಾವಿರಕ್ಕೆ ಮುಗಿಯುತ್ತದೆ. ಹಳೆಯ ಟೀವಿ ಚಿತ್ರದ ಕಂಪನ 50 ಲಕ್ಷದವರೆಗೆ ಏರುತ್ತದೆ. ಅಷ್ಟು ವೇಗದ ಅಲೆಗೆ ಕಾಲುವೆಯ ಅಗಲ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇರಬೇಕು. ಇದ್ದಕ್ಕಿದ್ದಂತೆ ಕಿರಿದಾದರೆ ಅಲೆ ಅಲ್ಲಿ ಬಡಿದು ಹಿಂದಿರುಗುತ್ತದೆ. ದೂರ ಉದ್ದವಾದಷ್ಟೂ ಚಿತ್ರದ ಅಂಚು ಮಸುಕಾಗಬಹುದು, ನೆರಳು ಮೂಡಬಹುದು. ಚಿತ್ರದ ಕಾಲುವೆಯ ಅಳತೆ 75 ಓಮ್. "ಇದನ್ನ ಮೀಟರ್ ಹಿಡಿದು ಅಳೆಯೋಕಾಗಲ್ಲ ಮಗು" ಎಂದರು. ಅದು ತಂತಿಯ ರೋಧವಲ್ಲ. ಓಡುವ ಅಲೆಯಲ್ಲಿ ವೋಲ್ಟೇಜಿಗೂ ಕರೆಂಟಿಗೂ ಇರುವ ಪ್ರಮಾಣ. ನಡುವಿನ ತಂತಿಯ ದಪ್ಪ, ಜಾಲರಿಯ ಅಗಲ, ನಡುವೆ ತುಂಬಿದ ಪ್ಲಾಸ್ಟಿಕ್ಕಿನ ಗುಣ ಇವು ಅದನ್ನು ನಿರ್ಧರಿಸುತ್ತವೆ. ಹಾಗಾಗಿ ಒಂದು ಮೀಟರಿಗೂ 75, ನೂರು ಮೀಟರಿಗೂ 75! ಚಿತ್ರದ ಕೇಬಲ್ಲನ್ನು ಧ್ವನಿಗೆ ಬಳಸಿದರೆ ತೊಂದರೆಯಿಲ್ಲ. ಧ್ವನಿಯದನ್ನು ಚಿತ್ರಕ್ಕೆ ಬಳಸಬಾರದು.

ಕೊನೆಗೆ ಎಚ್‌ಡಿಎಂಐ. ಎಂಟು ಕೆ ಕೇಬಲ್ಲಿನ ಮಾತು ತೆಗೆದೆ. "ನಿಮ್ಮ ಪ್ರೊಜೆಕ್ಟರ್ ಎಷ್ಟರದು?" ಎಂದರು. ಮಗಳು ಚೀಟಿ ನೋಡಿ 1080 ಎಂದಳು. ಸೆಕೆಂಡಿಗೆ 60 ಚಿತ್ರದ 1080ಕ್ಕೆ ಬೇಕಾದದ್ದು ಸುಮಾರು 4.5 ಗಿಗಾಬಿಟ್, 'ಹೈ ಸ್ಪೀಡ್' ಎಂದು ಬರೆದ ಕೇಬಲ್ಲಿನ ಅಳತೆ 10.2. ನಾಲ್ಕು ಕೆ, 60 ಚಿತ್ರಕ್ಕೆ 18 ಗಿಗಾಬಿಟ್ಟಿನ 'ಪ್ರೀಮಿಯಂ' ಬೇಕು. 48 ಗಿಗಾಬಿಟ್ಟಿನ 'ಅಲ್ಟ್ರಾ' ನಮ್ಮ ಶಾಲೆಗೆ ಆನೆ ಕಟ್ಟಿದ ಹಾಗೆ. ಚಿನ್ನದ ಬಣ್ಣದ ತುದಿ ತುಕ್ಕು ತಡೆದೀತೇ ಹೊರತು ಚಿತ್ರಕ್ಕೆ ಬಣ್ಣ ತುಂಬದು. ಡಿಜಿಟಲ್ ಎಂದರೆ ಅಂಚೆಯ ಕಾಗದ. ಮುಟ್ಟಿದರೆ ಪೂರ್ತಿ ಮುಟ್ಟಿತು, ಅಕ್ಷರ ಕೆಟ್ಟರೆ ಚಿತ್ರದಲ್ಲಿ ಚುಕ್ಕೆ ಸಿಡಿಯುತ್ತದೆ, ಇಲ್ಲವೆ ಪರದೆ ಮಂಕಾಗುತ್ತದೆ.

"ಇಪ್ಪತ್ತು ಮೀಟರ್ ತಾಮ್ರದ ಎಚ್‌ಡಿಎಂಐ ನೆಚ್ಚಬೇಡಿ. ಹತ್ತರ ಆಚೆ ಹೋದರೆ ಬೆಳಕಿನ ನಾರಿನ ಕೇಬಲ್ಲಿದೆ, ಬೆಲೆ ಹೆಚ್ಚು, ಅದಕ್ಕೆ ಹಿಂದುಮುಂದು ಬೇರೆ ಇದೆ, ತಿರುಗಿಸಿ ಹಾಕಿದರೆ ಚಿತ್ರ ಬರಲ್ಲ. ಅದರ ಬದಲು ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರ್ ಹತ್ತಿರ ಇಡಿ, ಐದು ಮೀಟರ್ ಸಾಕು" ಎಂದು ತಾವೇ ವ್ಯಾಪಾರ ಕಡಿಮೆ ಮಾಡಿಕೊಂಡರು.

ಮೈಕಿಗೆ 25 ಮೀಟರು, ಸ್ಪೀಕರಿಗೆ ಇಪ್ಪತ್ತು ಇಪ್ಪತ್ತು ಮೀಟರು, ಐದು ಮೀಟರಿನ ಎಚ್‌ಡಿಎಂಐ, ಲ್ಯಾಪ್‌ಟಾಪಿನ ಧ್ವನಿಗೆ ಜಾಲರಿಯ ಉದ್ದ ವೈರು. ಪಿನ್ನುಗಳನ್ನು ಯಜಮಾನರು ನಮ್ಮೆದುರೇ ಬೆಸೆದರು. ಕೊನೆಯ ಪಿನ್ನನ್ನು ಮಗಳ ಕೈಲೇ ಬೆಸೆಸಿದರು. ಎಲ್ಲ ಸೇರಿ ಎಂಟು ಸಾವಿರದೊಳಗೇ ಮುಗಿಯಿತು. ಉಳಿದ ಚಿಲ್ಲರೆಗೆ ರಸೀದಿ ಬರೆಸಿಕೊಂಡು, ಅವೆನ್ಯೂ ರಸ್ತೆಯಲ್ಲಿ ಅವಳಿಗೊಂದು ಹಳೆಯ ಭೌತಶಾಸ್ತ್ರದ ಪುಸ್ತಕವನ್ನು ನನ್ನ ದುಡ್ಡಿನಲ್ಲಿ ಕೊಂಡು, ಸಂಜೆಯ ಬಸ್ಸು ಹಿಡಿದೆವು.

ಮತ್ತೆ ಗುಂಯ್!

ವಾರ್ಷಿಕೋತ್ಸವದ ಹಿಂದಿನ ಸಂಜೆ ಎಲ್ಲ ಜೋಡಿಸಿದೆವು. ಮೈಕಿನ ವೈರು ವೇದಿಕೆಯ ಎಡಕ್ಕೆ, ದೀಪದ ವೈರು ಬಲಕ್ಕೆ. ಎರಡೂ ಅಡ್ಡ ಹಾಯಲೇಬೇಕಾದ ಕಡೆ ಜೊತೆಯಾಗಿ ಓಡದಂತೆ ನೇರ ಅಡ್ಡಲಾಗಿ. ಮೈಕು ಸ್ಫಟಿಕದಂತೆ ಮಾತಾಡಿತು. ನಿಟ್ಟುಸಿರು ಬಿಟ್ಟು ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದೆ. ಗುಂಯ್!

ನನ್ನ ಜೀವ ಬಾಯಿಗೆ ಬಂತು. ಎಲ್ಲವೂ ಸರಿಯಾದ ವೈರೇ, ಆದರೂ ಇದೆಲ್ಲಿಂದ? ಯಾರೋ ಚಾರ್ಜರಿನ ಪ್ಲಗ್ಗಿನ ಅರ್ಥ್ ಕಡ್ಡಿ ಮುರಿದರೆ ಸರಿಹೋಗುತ್ತದೆ ಎಂದರು. ಇದನ್ನು ಯಾರೂ ಎಂದಿಗೂ ಮಾಡಬಾರದು. ಆ ಕಡ್ಡಿ ಇರುವುದು ಜೀವ ಉಳಿಸಲು. ಮಗಳು ಮಾತಾಡದೆ ಹೋಗಿ ಚಾರ್ಜರನ್ನು ಗೋಡೆಯಿಂದ ಕಿತ್ತಳು. ಗುಂಯ್‌ಗುಟ್ಟುವುದು ಕತ್ತರಿಸಿದಂತೆ ನಿಂತಿತು. ಲ್ಯಾಪ್‌ಟಾಪು ಸಭಾಂಗಣದ ನಡುವಿನ ಸಾಕೆಟ್ಟಿನಲ್ಲಿತ್ತು, ಮಿಕ್ಸರು ವೇದಿಕೆಯ ಸಾಕೆಟ್ಟಿನಲ್ಲಿ. ಎರಡರ ಅರ್ಥ್ ನಡುವೆ ಇದ್ದ ಅಲ್ಪ ವ್ಯತ್ಯಾಸ ನಮ್ಮ ಧ್ವನಿಯ ವೈರಿನ ಜಾಲರಿಯಲ್ಲಿ ಹರಿಯುತ್ತಿತ್ತು. "ಜಾಲರಿಯಲ್ಲೂ ಏನೋ ಹರೀತಿದೆ ಅಪ್ಪ. ತಾತ ಕೇಳಿದ ಮೊದಲನೇ ಪ್ರಶ್ನೆ ಅದೇ ಅಲ್ವಾ?" ಎಂದಳು. ಮರುದಿನ ಚಿತ್ರ ಮುಗಿಯುವವರೆಗೆ ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ಓಡಿಸಿದೆವು. ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಬಹುದು, ಅಥವಾ ನಡುವೆ ಪುಟ್ಟ ಟ್ರಾನ್ಸ್‌ಫಾರ್ಮರಿನ ಡಬ್ಬಿ ಹಾಕಬಹುದು. ಮುಂದಿನ ವರ್ಷದ ಪಟ್ಟಿಯಲ್ಲಿ ಅದನ್ನು ಬರೆದಿಟ್ಟಿದ್ದೇವೆ.

ಪ್ರಾರ್ಥನೆಗೆ ನಿಂತದ್ದು ಎಂಟನೇ ತರಗತಿಯ ಪುಟ್ಟ ಹುಡುಗಿ. ಮಗಳನ್ನು ಕೇಳಿದ್ದೆ, ಒಲ್ಲೆ ಎಂದಿದ್ದಳು, ನಾನೂ ಒತ್ತಾಯಿಸಲಿಲ್ಲ. ಅವಳು ಮಿಕ್ಸರಿನ ಹಿಂದೆ ಕೂತಿದ್ದಳು. ಹುಡುಗಿಯ ತೆಳ್ಳನೆಯ ದನಿ ಹೊರಗೆ ಕಡಲೆಕಾಯಿ ಮಾರುವವನವರೆಗೂ ಹೋಯಿತು. ಕೆರೆಯ ಹೊಸ ಚಿತ್ರ ಒಮ್ಮೆಯೂ ನಿಲ್ಲದೆ ಓಡಿತು.

ರಾತ್ರಿ ಕುರ್ಚಿಗಳನ್ನು ಎತ್ತಿಟ್ಟ ಮೇಲೆ ವೈರುಗಳನ್ನು ಸುತ್ತುತ್ತಾ ಕೂತೆವು. ಮೊಣಕೈಗೆ ಬಿಗಿದು ಸುತ್ತಬಾರದು, ಒಳಗಿನ ಎಳೆ ಮುರಿಯುತ್ತದೆ ಎಂದು ಯಜಮಾನರು ಹೇಳಿದ್ದರು. ಮಗಳು ದೊಡ್ಡ ದೊಡ್ಡ ಸುರುಳಿ ಮಾಡಿ ಒಂದೊಂದಕ್ಕೂ ಚೀಟಿ ಅಂಟಿಸಿದಳು: ಮೈಕ್, ಸ್ಪೀಕರ್ ಎಡ, ಸ್ಪೀಕರ್ ಬಲ. ಮೈಕು ಇನ್ನೂ ಚಾಲೂ ಇತ್ತು. ಖಾಲಿ ಸಭಾಂಗಣದಲ್ಲಿ ಅವಳು ಅದರ ಮುಂದೆ ಹೋಗಿ, ಹಿಂದಿನ ವರ್ಷದ ಪ್ರಾರ್ಥನೆಯ ಮೊದಲ ಸಾಲನ್ನು ಹಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಕೊನೇ ಸಾಲಿಗೂ ಕೇಳಿಸ್ತಾ ಅಪ್ಪ?" ಎಂದಳು.

ನಾನು ಕೊನೆಯ ಸಾಲಿನಲ್ಲೇ ಕೂತಿದ್ದೆ.